ಪ್ರವಾಸದಿಂದ ಪ್ರಯೋಜನವುಂಟೇ? — ಉತ್ತರ ಬರೆಯುವ ಬಗೆ



"ಪ್ರವಾಸದಿಂದ ಪ್ರಯೋಜನವುಂಟೇ? ನಿಮ್ಮ ಅಭಿಪ್ರಾಯವನ್ನು ಸಕಾರಣವಾಗಿ ಸಮರ್ಥಿಸಿರಿ." ಪರೀಕ್ಷೆಯಲ್ಲಿ ಇಂತಹ ಪ್ರಶ್ನೆಯನ್ನು ಕಂಡೊಡನೆ ನಿಮ್ಮಲ್ಲಿ ಹೆಚ್ಚಿನವರು "ದೇಶ ಸುತ್ತು, ಕೋಶ ಓದು" ಎಂಬ ಗಾದೆಯಿಂದ ಆರಂಭಿಸಿ, ಪ್ರವಾಸದಿಂದ ಜ್ಞಾನ ಹೆಚ್ಚುತ್ತದೆ, ಮನಸ್ಸು ವಿಶಾಲವಾಗುತ್ತದೆ, ಆರೋಗ್ಯ ಸುಧಾರಿಸುತ್ತದೆ ಎಂದು ಒಂದೇ ಉಸಿರಿನಲ್ಲಿ ಬರೆದು ಮುಗಿಸುವುದುಂಟು. ಇವು ಸುಳ್ಳಲ್ಲ, ಆದರೆ ಇವುಗಳಲ್ಲಿ ಒಂದನ್ನಾದರೂ ಸಿದ್ಧಪಡಿಸಿ ತೋರಿಸಿದಂತಾಗಲಿಲ್ಲ. ಹೇಳುವುದು ಬೇರೆ, ಓದುವವರನ್ನು ಒಪ್ಪಿಸುವುದು ಬೇರೆ. ಪ್ರಶ್ನೆಯು ಬೇಡುವುದು ಎರಡನೆಯದನ್ನು.

ಮೊದಲನೆಯದಾಗಿ, ಪಕ್ಷವನ್ನು ಆರಿಸಿಕೊಳ್ಳಿರಿ. "ಉಂಟು" ಎಂದಾಗಲಿ "ಇಲ್ಲ" ಎಂದಾಗಲಿ ಆರಂಭದಲ್ಲಿಯೇ ಸ್ಪಷ್ಟವಾಗಿ ಹೇಳತಕ್ಕದ್ದು. ಎರಡು ದೋಣಿಗಳಲ್ಲಿ ಕಾಲಿಟ್ಟವನು ದಡ ಸೇರಲಾರ. ನೀವು ಯಾವ ಪಕ್ಷ ಹಿಡಿದಿರೆಂಬುದಕ್ಕಲ್ಲ, ಅದನ್ನು ಹೇಗೆ ಸಮರ್ಥಿಸಿದಿರೆಂಬುದಕ್ಕೆ ಅಂಕಗಳು ದೊರೆಯುತ್ತವೆ.

ಎರಡನೆಯದಾಗಿ, ಕಾರಣಗಳು ಎರಡೇ ಇದ್ದರೂ ಸಾಕು, ಪ್ರತಿಯೊಂದಕ್ಕೂ ದೃಷ್ಟಾಂತವಿರಲಿ. ವೇರೂಳದ ಕೈಲಾಸ ದೇವಾಲಯವನ್ನು 8ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನು ಮಾಡಿಸಿದನೆಂದೂ, ಬೆಟ್ಟದ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡೆಯುತ್ತ ಬಂದರೆಂದೂ ಪುಸ್ತಕದಲ್ಲಿ ಓದುತ್ತೇವೆ. ಆದರೆ ಅದರ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿದಾಗಲೇ, ಕಡಿದ ಕಲ್ಲನ್ನು ಮರಳಿ ಜೋಡಿಸುವಂತಿರಲಿಲ್ಲವೆಂಬ ಮಾತಿನ ಭಾರ ಮನಸ್ಸಿಗೆ ತಟ್ಟುವುದು. ಇದು ಪ್ರವಾಸಿಗೆ ಆಗುವ ಲಾಭ. ಇತರರಿಗೂ ಲಾಭವುಂಟು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸನು ತಾನು ಕಂಡುದನ್ನು ಬರೆದಿಟ್ಟನು. 1565ರ ಯುದ್ಧದ ಬಳಿಕ ಆ ನಗರ ಹಾಳಾಯಿತು. ಅದರ ವೈಭವವನ್ನು ತಿಳಿಯಲು ಇಂದಿಗೂ ಅವನ ಬರಹ ನಮಗೆ ನೆರವಾಗುತ್ತದೆ.

ಮೂರನೆಯದಾಗಿ, ಎದುರು ಪಕ್ಷದ ಬಲವಾದ ವಾದವನ್ನು ನೀವೇ ಎತ್ತಿ, ಅದಕ್ಕೆ ಉತ್ತರ ಕೊಡಿರಿ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ (1724–1804) ತನ್ನ ಹುಟ್ಟೂರಾದ ಕೋನಿಗ್ಸ್‌ಬರ್ಗಿನ ಸೀಮೆಯನ್ನು ಬಿಟ್ಟು ದೂರ ಹೋದವನಲ್ಲ. ಆದರೂ ಅವನು ಭೂಗೋಳವನ್ನು ಬೋಧಿಸಿದನು. ಹಾಗಾದರೆ ಪ್ರವಾಸವೇಕೆ, ಓದೇ ಸಾಲದೇ ಎಂದು ಕೇಳಬಹುದು. ಆದರೆ ಕಾಂಟ್ ಬೋಧಿಸಿದ್ದು ಅನ್ಯರು ಸುತ್ತಿ ಬರೆದ ಪ್ರವಾಸಕಥನಗಳ ಆಧಾರದಿಂದ! ಯಾರೂ ದೇಶ ಸುತ್ತದಿದ್ದರೆ ಅವನಿಗೆ ಓದಲು ಕೋಶವೆಲ್ಲಿಯದು? ಗಾದೆಯನ್ನು ಆರಂಭದಲ್ಲಿ ವ್ಯರ್ಥಮಾಡದೆ ಇಂತಹ ಸ್ಥಳಕ್ಕೆ ಕಾದಿರಿಸಿದರೆ ಅದಕ್ಕೆ ಬಲ ಬರುತ್ತದೆ.

"ನಾವು ಎಲ್ಲಿಗೂ ಹೋದವರಲ್ಲ, ಏನನ್ನು ಬರೆಯೋಣ?" ಎಂದು ಕೆಲವರು ಕೇಳುತ್ತೀರಿ. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಎಷ್ಟೋ ಮನೆಗಳಿಗೆ ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿಬರುವ ವೆಚ್ಚವೂ ಭಾರವೇ. ಅಂಥವರು ಕಾಣದ ತಾಜಮಹಲನ್ನು ವರ್ಣಿಸಬೇಕಾಗಿಲ್ಲ. ಊರಿನ ಬಾವಿಯಿಂದ ನೀರು ಸೇದಿದವನು ಚಾಳಿನ ನಲ್ಲಿಯ ಸರದಿಯನ್ನು ಬೇರೊಂದು ಕಣ್ಣಿನಿಂದ ನೋಡುತ್ತಾನೆ. ಮರಾಠಿ, ಗುಜರಾತಿ ಮಾತುಗಳ ನಡುವೆ ಬೆಳೆದವನಿಗೆ ಕನ್ನಡದ ಸೊಗಸು ಬೇರೆಯಾಗಿಯೇ ಕೇಳಿಸುತ್ತದೆ. ಇದೂ ಪ್ರವಾಸದ ಫಲವೇ. ಅಷ್ಟೇ ಅಲ್ಲ, "ಸಾಲಮಾಡಿ ಸುತ್ತುವುದರಲ್ಲಿ ಪ್ರಯೋಜನವಿಲ್ಲ" ಎಂದು ನಿಮಗೆ ನಿಜವಾಗಿ ತೋರಿದರೆ ಆ ಪಕ್ಷವನ್ನೂ ಧೈರ್ಯದಿಂದ ಹಿಡಿಯಬಹುದು.

ಉತ್ತರ ಬರೆಯುವ ಮುನ್ನ ಐದು ನಿಮಿಷ ಯೋಚಿಸಿ, ಪಕ್ಷವನ್ನೂ ಎರಡು ದೃಷ್ಟಾಂತಗಳನ್ನೂ ಒಂದು ಆಕ್ಷೇಪವನ್ನೂ ಗುರುತುಹಾಕಿಕೊಳ್ಳಿರಿ. ಬಾಯಿಪಾಠ ಮಾಡಿದ ಪ್ರಬಂಧವನ್ನು ಪರೀಕ್ಷಕರು ಬಲ್ಲರು. ನೀವು ಕಂಡುದನ್ನು ನಿಮ್ಮಿಂದಲೇ ಅವರು ತಿಳಿಯಬೇಕು.