ಗೆರೆ ಎಳೆಯುವ ಮೊದಲು ಕೇಳಬೇಕಾದವರು

2020ರ ಫೆಬ್ರುವರಿ 2ರಂದು ಆಗಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಹುಬ್ಬಳ್ಳಿಯಲ್ಲಿ ತ್ವರಿತ ಬಸ್ ಸಾರಿಗೆ ವ್ಯವಸ್ಥೆ, ಅಂದರೆ ಬಿಆರ್‌ಟಿಎಸ್ ಉದ್ಘಾಟಿಸಿದರು. ಅಂದು ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಲ್ಲಿ ಒಬ್ಬ ಕಾರ್ಪೊರೇಟರ್‌ ಕೂಡ ಇರಲಿಲ್ಲ. ಹಳೆಯ ಸದಸ್ಯರ ಅವಧಿ 2019ರಲ್ಲೇ ಮುಗಿದಿತ್ತು. ಮುಂದಿನ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ, ಮೇಯರ್ ಕುರ್ಚಿ ತುಂಬಿದ್ದು 2022ರ ಮೇ ತಿಂಗಳಲ್ಲಿ. ಸ್ಟಾಪು ದೂರವಾಯಿತು, ರಸ್ತೆ ದಾಟಲು ಆಗುತ್ತಿಲ್ಲ ಎಂದು ಜಗಳ ತೆಗೆಯಲು ವಾರ್ಡಿನವರಿಗೆ ಕಾರ್ಪೊರೇಟರ್ ಮನೆ ಬಾಗಿಲೇ ಇಲ್ಲದ ಕಾಲದಲ್ಲಿ ಅವಳಿನಗರದ ಅತಿ ದೊಡ್ಡ ಸಾರಿಗೆ ಯೋಜನೆ ಉದ್ಘಾಟನೆಗೊಂಡಿತು.

ಸದಸ್ಯರು ಇದ್ದಾಗಲಾದರೂ ತೀರ್ಮಾನಗಳು ಪಾಲಿಕೆ ಸಭೆಯಲ್ಲಿ ಆಗುತ್ತಿದ್ದವೇ? ಯೋಜನೆಗೆಂದೇ 2012ರಲ್ಲಿ ಪ್ರತ್ಯೇಕ ಕಂಪನಿ ಹುಟ್ಟಿತ್ತು. ವಿನ್ಯಾಸಕ್ಕೆ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ತಜ್ಞರು, ದುಡ್ಡಿಗೆ ಕೇಂದ್ರ ಮತ್ತು ರಾಜ್ಯ ಸರ್ಕಾರ, ಜೊತೆಗೆ ವಿಶ್ವಬ್ಯಾಂಕ್. ಸುಮಾರು 22 ಕಿಲೋಮೀಟರ್ ಉದ್ದಕ್ಕೂ ರಸ್ತೆಯ ನಟ್ಟನಡುವೆ ಬಸ್ಸಿಗೇ ಮೀಸಲಾದ ಪಥ ಎದ್ದಿತು.

ಜನರನ್ನು ಕೇಳಲೇ ಇಲ್ಲ ಎಂದರೆ ಸುಳ್ಳಾದೀತು. ವಿಶ್ವಬ್ಯಾಂಕಿನ ಹಣ ಬಂದಲ್ಲಿ ಜಾಗ ಕಳೆದುಕೊಳ್ಳುವವರ ಪಟ್ಟಿ, ಅವರೊಡನೆ ಸಭೆ, ಅಹವಾಲು, ಪುನರ್ವಸತಿ ಎಲ್ಲವೂ ಕಡ್ಡಾಯ. ಪಥ ಹಾದುಹೋಗುವ ಪಿ.ಬಿ. ರೋಡಿನ ಅಂಗಡಿ-ಮನೆಗಳ ಮುಂಭಾಗ ಎಷ್ಟು ಅಡಿ ಹೋಗುತ್ತದೆ, ಅಡಿಗೆ ಎಷ್ಟು ರೂಪಾಯಿ ಎಂಬ ಚರ್ಚೆ ಆಯಿತು. ಆ ಚರ್ಚೆಗೂ ಮುಗಿಯದ ತಕರಾರುಗಳು ಉಳಿದವು. ಭೈರಿದೇವರಕೊಪ್ಪದ ದರ್ಗಾ ತೆರವಾದದ್ದು ಉದ್ಘಾಟನೆಯಾಗಿ ಸುಮಾರು ಮೂರು ವರ್ಷದ ಬಳಿಕ, 2022ರ ಡಿಸೆಂಬರಿನಲ್ಲಿ, ಪೊಲೀಸ್ ಬಂದೋಬಸ್ತಿನಲ್ಲಿ. ಆದರೆ ಭೂಮಿ ಕೊಡುವವನ ಮಾತು ಬೇರೆ, ದಿನಾ ಬಸ್ಸು ಹತ್ತುವವಳ ಮಾತು ಬೇರೆ. ಮೊದಲನೆಯವನಿಗೆ ನೋಟಿಸ್ ಹೋಗುತ್ತದೆ. ಎರಡನೆಯವಳ ವಿಳಾಸ ಯಾವ ಕಡತದಲ್ಲೂ ಇರುವುದಿಲ್ಲ.

ಧಾರವಾಡದ ಟೋಲ್‌ನಾಕಾ ನೋಡಿ. ಜೋರು ಮಳೆ ಬಿದ್ದರೆ ಅಲ್ಲಿನ ರಸ್ತೆ ಕೆರೆಯಾಗುತ್ತದೆ, ಪ್ರತಿ ಮಳೆಗಾಲವೂ ಅದು ಸ್ಥಳೀಯ ಪತ್ರಿಕೆಗಳಿಗೆ ತಪ್ಪದ ಫೋಟೊ. ನೀರು ಯಾವ ಕಡೆಯಿಂದ ಇಳಿದು ಎಲ್ಲಿ ನಿಲ್ಲುತ್ತದೆ ಎಂಬುದು ಅಲ್ಲಿ ಹತ್ತಿಪ್ಪತ್ತು ಮಳೆಗಾಲ ಅಂಗಡಿ ನಡೆಸಿದವರಿಗೆ ಬಾಯಿಪಾಠ. ಅಗ್ದಿ ಸಾದಾ ಸಂಗತಿ ಇದು, ಆದರೆ ಕಾಂಕ್ರೀಟು ಬೀಳುವ ಮೊದಲು ಕೇಳಿದರಷ್ಟೇ ಉಪಯೋಗ. ರಸ್ತೆ ದಾಟುವ ಮಾತೂ ಹಾಗೆಯೇ. ನಿಲ್ದಾಣ ರಸ್ತೆ ಮಧ್ಯೆ ಇರುವುದರಿಂದ ಪ್ರತಿ ಪ್ರಯಾಣಿಕರೂ ಪಾದಚಾರಿಯಾಗಿ ವಾಹನಗಳ ಸಾಲು ದಾಟಲೇಬೇಕು. ಮೊಣಕಾಲು ನೋವಿನ ಹಿರಿಯರು, ಸಂತೆಚೀಲ ಹೊತ್ತವರು ಎಲ್ಲಿ ದಾಟುತ್ತಾರೆ ಎಂಬುದು ವಾಹನ ಎಣಿಸುವ ಸಮೀಕ್ಷೆಯಲ್ಲಿ ಸಿಗದು.

ಬಿಆರ್‌ಟಿಎಸ್‌ನ ಒಳ್ಳೆಯದನ್ನು ಅಲ್ಲಗಳೆಯುವವನು ನಾನಲ್ಲ. ಬಾಗಿಲು ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ತೆರೆಯುತ್ತದೆ, ಸಿಗ್ನಲ್ ಜಾತ್ರೆಯಲ್ಲಿ ಸಿಲುಕದೆ ‘ಚಿಗರಿ’ ಹೆಸರಿನ ಈ ಬಸ್ಸು ಓಡುತ್ತದೆ. ಆದರೆ 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಾಗ ಎಸಿ ಬಸ್ಸುಗಳು ಹೊರಗುಳಿದವು, ಚಿಗರಿಯೂ ಎಸಿ. ಮೀಸಲು ಪಥದ ವೇಗ ಟಿಕೆಟಿಗೆ ದುಡ್ಡು ಕೊಟ್ಟವರಿಗೆ, ಪಕ್ಕದ ದಟ್ಟಣೆಯಲ್ಲಿ ತೆವಳುವ ಉಚಿತ ಬಸ್ಸು ಉಳಿದ ಹೆಂಗಸರಿಗೆ. ಇದರ ಬಗ್ಗೆ ಪ್ರಯಾಣಿಕರೊಡನೆ ಕೂತು ಮಾತಾಡುವ ಕಾಯಂ ವೇದಿಕೆಯೊಂದಿದ್ದರೆ ಚರ್ಚೆಯಾದರೂ ಆಗುತ್ತಿತ್ತು.

ಅಹಮದಾಬಾದಿನ ಇಂಥದ್ದೇ ಬಸ್ ವ್ಯವಸ್ಥೆ ಜನಮಾರ್ಗ 2009ರಲ್ಲಿ ಕೆಲ ತಿಂಗಳು ಪುಕ್ಕಟೆ ಓಡಿ ಜನರ ಅಭಿಪ್ರಾಯ ಪಡೆದು ನಂತರ ಟಿಕೆಟ್ ಶುರು ಮಾಡಿತು. ನಮ್ಮಲ್ಲೂ 2018ರ ಅಕ್ಟೋಬರಿನಿಂದ ಪ್ರಾಯೋಗಿಕ ಓಡಾಟ ನಡೆಯಿತು. ಅಷ್ಟೊತ್ತಿಗೆ ಪಥ ಸಿದ್ಧ. ಬಸ್ಸಿನ ವೇಳೆ ಬದಲಿಸಬಹುದು, ನಿಲ್ದಾಣ ಎತ್ತಿಡಲಾದೀತೇ? ಅಭಿಪ್ರಾಯ ಗೆರೆ ಎಳೆಯುವ ಮೊದಲೇ ಬೇಕೆನ್ನುವುದಕ್ಕೆ ಬೆಂಗಳೂರು ಸಾಕ್ಷಿ: ಅಲ್ಲಿನ ನಾಗರಿಕರು 2016ರ ಅಕ್ಟೋಬರಿನಲ್ಲಿ ಮಾನವ ಸರಪಳಿ ಕಟ್ಟಿದರು, 2017ರ ಮಾರ್ಚಿನಲ್ಲಿ ಸರ್ಕಾರ ಉಕ್ಕಿನ ಮೇಲ್ಸೇತುವೆ ಕೈಬಿಟ್ಟಿತು. ಅದು ಸಾಧ್ಯವಾದದ್ದು ಒಂದು ಕಂಬವೂ ಎದ್ದಿರಲಿಲ್ಲವಾದ್ದರಿಂದ. ದಿಲ್ಲಿಯವರು 2008ರಲ್ಲಿ ಕಟ್ಟಿದ ಬಿಆರ್‌ಟಿಯನ್ನು 2016ರಲ್ಲಿ ಒಡೆದರು. ಕಟ್ಟಲೂ ಖರ್ಚು, ಕೆಡವಲೂ ಖರ್ಚು.

ಈಗ ಇದೇ ಪಥದಲ್ಲಿ ಹೊಸ ಮಾತು. ಜಿಲ್ಲಾ ಉಸ್ತುವಾರಿ ಸಚಿವ ಸಂತೋಷ ಲಾಡ್ ಮುಂದಿಟ್ಟ, ಟೈರುಗಳ ಮೇಲೆ ಓಡುವ ಉದ್ದನೆಯ ವಿದ್ಯುತ್ ವಾಹನದ ಇ-ಆರ್‌ಟಿ ಪ್ರಸ್ತಾಪದಲ್ಲಿ ಸ್ವಿಟ್ಜರ್ಲೆಂಡಿನ ಹೆಸ್ ಕಂಪನಿಯ ಹೆಸರಿದೆ. ವಾಹನ ಎಷ್ಟು ಉದ್ದ, ಎಷ್ಟು ಜನ ಹಿಡಿಯುತ್ತಾರೆ ಎಂಬ ವಿವರವೇ ಮೊದಲು ಬಂತು. ಗೋಕುಲ ರೋಡ್, ಕೇಶ್ವಾಪುರ, ಹಳೇ ಹುಬ್ಬಳ್ಳಿ, ಸಪ್ತಾಪುರದವರು ಪಿ.ಬಿ. ರೋಡಿನವರೆಗೆ ಹೇಗೆ ಬರಬೇಕು? ನಗರ ಬಸ್ ನಿಲ್ದಾಣವಾದ ಸಿಬಿಟಿಯಲ್ಲಿಳಿದು ಮುಂದೆ ಆಟೊಗೆ ಕೊಡುವ ದುಡ್ಡು ಬಸ್ ಚಾರ್ಜಿಗಿಂತ ಜಾಸ್ತಿಯಾದರೆ ಬೈಕು ಬಿಡುವವರು ಯಾರು?

ಇದನ್ನು ಕೇಳಬೇಕಾದ ಮನೆಯೇ ಎರಡಾಗುತ್ತಿದೆ. 1962ರಿಂದ ಒಂದಾಗಿದ್ದ ಪಾಲಿಕೆಯಿಂದ ಧಾರವಾಡವನ್ನು ಬೇರ್ಪಡಿಸಲು ರಾಜ್ಯ ಸಂಪುಟ 2025ರ ಜನವರಿಯಲ್ಲಿ ಒಪ್ಪಿತು. 82 ವಾರ್ಡುಗಳಲ್ಲಿ 26 ಧಾರವಾಡಕ್ಕೆ, 56 ಹುಬ್ಬಳ್ಳಿಗೆ. ಮಾರ್ಗ ಮಾತ್ರ ಒಂದೇ. ನವಲೂರು, ಸತ್ತೂರು, ರಾಯಾಪುರಗಳ ವಾರ್ಡ್ ಸಮಿತಿಗಳು ಹೊಸ ನಕ್ಷೆ ತರಿಸಿಕೊಂಡು, ಅದರ ಮೇಲೆ ತಾವು ದಿನಾ ರಸ್ತೆ ದಾಟುವ ಜಾಗಗಳನ್ನು ಗುರುತು ಹಾಕಿ ಕೊಡಲು ವಿಸ್ತೃತ ಯೋಜನಾ ವರದಿಗೆ ಸಹಿ ಬೀಳುವವರೆಗೆ ಸಮಯವಿದೆ.