ಎರಡು ಟ್ಯಾಂಕಿನ ಎಂಜಿನ್ನಿಗೆ ಒಂದೇ ನಳಿಕೆ ಸಾಕೆ?

ಕುಮಟಾ ತಾಲೂಕಿನ ಸಂತೆಗುಳಿಯಂಥ ಊರುಗಳಲ್ಲಿ ಅಡಿಕೆ ತೋಟಕ್ಕೆ ಬೇಸಿಗೆಯ ನೀರು ತಪ್ಪುವಂತಿಲ್ಲ. ಕರೆಂಟು ಕೈಕೊಟ್ಟ ದಿನ ನೆನಪಾಗುವುದು ಮೂಲೆಯಲ್ಲಿರುವ ಹಳೆಯ ಸೀಮೆಎಣ್ಣೆ ಪಂಪ್‌ಸೆಟ್ಟು. ಅದಕ್ಕೆ ಎರಡು ಟ್ಯಾಂಕು. ಚಿಕ್ಕದರಲ್ಲಿ ಪೆಟ್ರೋಲು, ದೊಡ್ಡದರಲ್ಲಿ ಸೀಮೆಎಣ್ಣೆ. ಎರಡರ ನಳಿಕೆಗಳೂ ಮೂರು ದಾರಿಯ ಒಂದು ಕಾಕ್‌ನಲ್ಲಿ ಕೂಡಿ ಕಾರ್ಬುರೇಟರಿಗೆ ಹೋಗುತ್ತವೆ.

ಈ ಜಂಜಾಟ ಏಕೆ? ಪೆಟ್ರೋಲು ಎಂಥ ಚಳಿಯಲ್ಲೂ ಆವಿಯಾಗಿ, ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಹಾಗಲ್ಲ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುವುದಿಲ್ಲ. ಆದ್ದರಿಂದ ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ನು ಬಿಸಿಯಾದ ಮೇಲೆ ಕಾಕ್ ತಿರುಗಿಸಬೇಕು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರಬೇಕು. ಇಲ್ಲವಾದರೆ ಕಾರ್ಬುರೇಟರಿನ ಬಟ್ಟಲಲ್ಲಿ ಸೀಮೆಎಣ್ಣೆಯೇ ಉಳಿದು, ಮರುದಿನ ಹಗ್ಗ ಎಳೆದೂ ಎಳೆದೂ ರಟ್ಟೆ ಸೋಲುತ್ತದೆ. ಅವಸರಪಟ್ಟು ಬೇಗನೆ ತಿರುಗಿಸಿದರೂ ಕೇಡೇ. ಉರಿಯದ ಸೀಮೆಎಣ್ಣೆ ಪಿಸ್ಟನ್ನಿನ ಪಕ್ಕದಿಂದ ಇಳಿದು ಎಂಜಿನ್ ಆಯಿಲನ್ನು ತೆಳ್ಳಗಾಗಿಸುತ್ತದೆ.

ಪಡಿತರದ ಸೀಮೆಎಣ್ಣೆ ವಿರಳವಾದ ಮೇಲೆ ಪೆಟ್ರೋಲಿನಲ್ಲೇ ಓಡಿಸುವವರಿಗೆ ಇಷ್ಟು ನಳಿಕೆಗಳು ಬೇಡ. ಜೋಡಣೆ ಹೆಚ್ಚಿದಷ್ಟೂ ಸೋರುವ ಜಾಗ ಹೆಚ್ಚು. ಪೆಟ್ರೋಲು ಸೋರಿ ಬಿಸಿ ಸೈಲೆನ್ಸರಿನ ಮೇಲೆ ಬಿದ್ದರೆ ಬೆಂಕಿಯೇ. ಆಗ ಚಿಕ್ಕ ಟ್ಯಾಂಕನ್ನೂ ಮೂರು ದಾರಿಯ ಕಾಕ್‌ನ್ನೂ ತೆಗೆದುಬಿಡಬಹುದು. ದೊಡ್ಡ ಟ್ಯಾಂಕಿನ ತಳದ ಗಸಿ ತೊಳೆದು, ಒಂದು ಸಾದಾ ಕಾಕ್, ಒಂದು ಫಿಲ್ಟರು, ಒಂದು ಹೊಸ ಹೋಸ್ ಹಾಕಿದರೆ ಆಯಿತು. ಉಳಿದ ತೂತಿಗೆ ಬಟ್ಟೆಯೋ ಮರದ ಬೆಣೆಯೋ ತುರುಕುವುದು ಸಲ್ಲ, ಹಿತ್ತಾಳೆಯ ತಿರುಪಿನ ಬಿರಡೆಯೇ ಆಗಬೇಕು. ಕಾರ್ಬುರೇಟರಿನ ಜೆಟ್ ಪೆಟ್ರೋಲಿಗೆ ಹೊಂದುತ್ತದೆಯೇ ಎಂಬುದನ್ನು ಮೆಕ್ಯಾನಿಕ್ ನೋಡಲಿ.

ಅಮೆರಿಕದ ಹಳೆಯ ಪಿಕಪ್ ಟ್ರಕ್ಕುಗಳಲ್ಲೂ ಎರಡು ಟ್ಯಾಂಕು ಇರುತ್ತಿದ್ದವು. ಅಲ್ಲಿ ಕೆಲಸ ಇಷ್ಟು ಸಲೀಸಲ್ಲ. ಇಂಜೆಕ್ಷನ್ ಎಂಜಿನ್ನಿನಲ್ಲಿ ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ಮರಳಲು ಇನ್ನೊಂದು ನಳಿಕೆ ಇರುತ್ತದೆ. ಒಂದು ಟ್ಯಾಂಕಿನಿಂದ ಎಳೆದದ್ದು ಇನ್ನೊಂದಕ್ಕೆ ಮರಳಿದರೆ ಅದು ತುಂಬಿ ಚೆಲ್ಲುತ್ತದೆ. ಪಂಪ್‌ಸೆಟ್ಟಿನಲ್ಲಿ ಟ್ಯಾಂಕು ಮೇಲಿದ್ದು ಇಂಧನ ತಾನಾಗಿ ಇಳಿಯುವುದರಿಂದ ಈ ತೊಡಕಿಲ್ಲ.

ಹೊಸ ತೊಡಕೊಂದಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಸೇರಿದೆ. ಹಳೆಯ ರಬ್ಬರು ಅದಕ್ಕೆ ಉಬ್ಬಿ ಬಿರಿಯಬಹುದು. ಮಳೆಗಾಲದ ತೇವವನ್ನೂ ಎಥನಾಲ್ ಹೀರುತ್ತದೆ. ಆದ್ದರಿಂದ ಎಥನಾಲ್ ತಾಳುವ ಹೋಸನ್ನೇ ಕೇಳಿ ತರಬೇಕು, ಮಳೆಗಾಲಕ್ಕೆ ಮುನ್ನ ಟ್ಯಾಂಕು ಬರಿದು ಮಾಡಬೇಕು.

ಎಲ್ಲ ಹೊಸದಾದರೂ ಎಂಜಿನ್ನು ಹತ್ತು ನಿಮಿಷ ಓಡಿ ನಿಂತರೆ ಮುಚ್ಚಳ ನೋಡಿ. ಎಣ್ಣೆ ಡಬ್ಬಕ್ಕೆ ಎರಡನೇ ತೂತು ಕೊರೆಯುವುದೇಕೆ ಎಂದು ಶಾಲೆಯ ಮಕ್ಕಳಿಗೆ ಗೊತ್ತು. ಟ್ಯಾಂಕಿನ ಮುಚ್ಚಳದಲ್ಲೂ ಗಾಳಿಗೊಂದು ಸಣ್ಣ ತೂತಿರುತ್ತದೆ, ಅದಕ್ಕೆ ಧೂಳು ಕಟ್ಟಿರುತ್ತದೆ. ಎಂಜಿನ್ನು ತಣಿದ ಮೇಲೆ ದೊಡ್ಡವರು ಅದನ್ನು ಸೂಜಿಯಿಂದ ಬಿಡಿಸಲಿ.