ಬಾಗಿಲು ಕಾಯುವ ಕೆಲಸ

ಹಿಮಾಲಯದ ಹಿಮನದಿಗಳು ಈಗಿನ ವೇಗದಲ್ಲೇ ಕರಗುತ್ತ ಹೋದರೆ 2035ರ ಹೊತ್ತಿಗೆ, ಬಹುಶಃ ಇನ್ನೂ ಬೇಗನೆ, ಇಲ್ಲವಾಗುವ ಸಂಭವ ತುಂಬ ಹೆಚ್ಚು. ಇಂಥದೊಂದು ಮಾತು 2007ರಲ್ಲಿ ಪ್ರಕಟವಾದ ಐಪಿಸಿಸಿ ವರದಿಯ ಏಷ್ಯಾ ಕುರಿತ ಅಧ್ಯಾಯದಲ್ಲಿ ನುಸುಳಿತ್ತು. ಐಪಿಸಿಸಿ ಎಂದರೆ ಹವಾಮಾನ ಬದಲಾವಣೆಯ ಬಗ್ಗೆ ಜಗತ್ತಿನ ಸಂಶೋಧನೆಯನ್ನೆಲ್ಲ ಓದಿ, ತೂಗಿ, ಸರ್ಕಾರಗಳ ಮುಂದಿಡಲು 1988ರಲ್ಲಿ ಹುಟ್ಟಿದ ಅಂತರ ಸರ್ಕಾರಿ ಸಮಿತಿ. ವರದಿ ಬಂದ 2007ರಲ್ಲೇ ಅದಕ್ಕೆ ನೊಬೆಲ್ ಶಾಂತಿ ಪುರಸ್ಕಾರವೂ ಸಂದಿತು. ಆದರೆ ಹಿಮನದಿಯ ಆ ಮಾತು ತಪ್ಪಾಗಿತ್ತು. ಅದಕ್ಕೆ ಆಧಾರವೆಂದು ತೋರಿಸಿದ್ದು ಒಂದು ಪರಿಸರ ಸಂಸ್ಥೆಯ ವರದಿಯನ್ನು. ಆ ಸಂಸ್ಥೆ ನೆಚ್ಚಿಕೊಂಡಿದ್ದು ಒಂದು ಜನಪ್ರಿಯ ವಿಜ್ಞಾನ ಪತ್ರಿಕೆಯ ಸುದ್ದಿಯನ್ನು. ಬೆನ್ನಿಗೆ ಒಂದು ಸಂಶೋಧನಾ ಪ್ರಬಂಧವೂ ಇರಲಿಲ್ಲ. ಕರಡು ಓದಿದವರಲ್ಲಿ ಕೆಲವರು ಆ ಭಾಗದ ಬಗ್ಗೆ ಅನುಮಾನ ಎತ್ತಿದ್ದರು. ಆದರೂ ವಾಕ್ಯ ಉಳಿದುಕೊಂಡಿತು. 2010ರ ಜನವರಿಯಲ್ಲಿ ಐಪಿಸಿಸಿ ಬಹಿರಂಗವಾಗಿ ವಿಷಾದ ಸೂಚಿಸಬೇಕಾಯಿತು.

ಒಂಬೈನೂರಕ್ಕೂ ಹೆಚ್ಚು ಪುಟಗಳ ಸಂಪುಟದಲ್ಲಿ ಒಂದು ವಾಕ್ಯ ತಪ್ಪಾಗುವುದು ಅಪರಾಧವೇನಲ್ಲ, ನಿಜ. ಆದರೆ ಇಲ್ಲಿ ಸೋತದ್ದು ಬರೆದವರ ವಿದ್ವತ್ತಲ್ಲ. ತಪ್ಪನ್ನು ಗುರುತಿಸಿದ ಕಣ್ಣು ಇತ್ತು, ಅದನ್ನು ಹೇಳಿದ ಬಾಯಿಯೂ ಇತ್ತು. ಕೇಳಿಸಿಕೊಂಡು ಸರಿಯಾಗಿ ಉತ್ತರಿಸುವ ಕಟ್ಟುನಿಟ್ಟು ಮಾತ್ರ ಇರಲಿಲ್ಲ. ನೂರಾರು ಜನ ಕೂಡಿ ಬರೆಯುವ ಸಂಶೋಧನಾ ವರದಿಯನ್ನು ಮುನ್ನಡೆಸುವವರ ಕೆಲಸ ಏನು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಎಂದು ನನಗನಿಸುತ್ತದೆ. ಮುಂದಾಳು ಎಂದರೆ ಎಲ್ಲರಿಗಿಂತ ಹೆಚ್ಚು ಬಲ್ಲವರು, ಎಲ್ಲರ ಬರಹವನ್ನು ತಿದ್ದುವವರು ಎಂದು ನಾವು ಊಹಿಸುತ್ತೇವೆ. ನಿಜವಾಗಿ ಅದು ಬಾಗಿಲು ಕಾಯುವ ಕೆಲಸ. ಯಾವುದನ್ನು ಸಾಕ್ಷ್ಯವೆಂದು ಒಳಗೆ ಬಿಡಬೇಕು, ಯಾವುದನ್ನು ಹೊರಗೆ ನಿಲ್ಲಿಸಬೇಕು, ಆ ತೀರ್ಮಾನಕ್ಕೆ ಕಾರಣವೇನು ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದಿಡುವ ಕೆಲಸ. ಹವಾಮಾನದ ಬದಲಾವಣೆಗೆ ಹೊಂದಿಕೊಂಡು ಬದುಕುವುದು ಹೇಗೆ ಎಂಬ ವಿಷಯದಲ್ಲಂತೂ ಈ ಕಾವಲಿನ ಮೇಲೇ ವರದಿಯ ಯೋಗ್ಯತೆ ನಿಂತಿರುತ್ತದೆ.

2010ರ ಆಗಸ್ಟ್‌ನಲ್ಲಿ ಜಗತ್ತಿನ ವಿಜ್ಞಾನ ಅಕಾಡೆಮಿಗಳ ಒಕ್ಕೂಟವೊಂದು ಐಪಿಸಿಸಿಯ ಕಾರ್ಯವಿಧಾನವನ್ನು ಪರಿಶೀಲಿಸಿ ಸಲಹೆ ಕೊಟ್ಟಿತು. ಪರಿಶೀಲಕರ ಟಿಪ್ಪಣಿಗಳಿಗೆ ಲೇಖಕರು ಸರಿಯಾಗಿ ಸ್ಪಂದಿಸಿದ್ದಾರೆಯೇ ಎಂದು ನೋಡುವ ಸಂಪಾದಕರ ಕೈ ಬಲಪಡಿಸಬೇಕು, ಸಂಶೋಧನಾ ನಿಯತಕಾಲಿಕೆಗಳಾಚೆಯ ಬರಹವನ್ನು ಬಳಸುವಾಗ ಹೆಚ್ಚು ಎಚ್ಚರ ಬೇಕು ಎಂಬುದು ಅದರ ಮುಖ್ಯ ಮಾತು. ಆ ಪಾಠ ಎಷ್ಟು ದೂರ ಬಂದಿತೆಂಬುದನ್ನು 2022ರ ಫೆಬ್ರವರಿ 28ರಂದು ಬಿಡುಗಡೆಯಾದ ಪರಿಣಾಮ ಮತ್ತು ಹೊಂದಾಣಿಕೆಯ ವರದಿಯಲ್ಲಿ ಕಾಣಬಹುದು. 67 ದೇಶಗಳ 270 ಲೇಖಕರು ಮತ್ತು ಸಂಪಾದಕರು, ಅವರಿಗೆ ನೆರವಾದ 675 ಮಂದಿ, ಉಲ್ಲೇಖಿಸಿದ 34,000ಕ್ಕೂ ಹೆಚ್ಚು ಬರಹಗಳು. ಲೇಖಕರಿಗೆ ಐಪಿಸಿಸಿಯಿಂದ ಸಂಬಳವಿಲ್ಲ. ಈ ಸಂಖ್ಯೆಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು 62,418 ಎಂಬ ಇನ್ನೊಂದು ಸಂಖ್ಯೆ. ಮೂರು ಹಂತದ ಕರಡುಗಳ ಮೇಲೆ ತಜ್ಞರು ಮತ್ತು ಸರ್ಕಾರಗಳು ಕಳಿಸಿದ ಟಿಪ್ಪಣಿಗಳು ಅಷ್ಟು. ಎರಡನೆಯ ಕರಡಿನ ಮೇಲೆಯೇ ನಲವತ್ತು ಸಾವಿರ ಮೀರಿ ಬಂದವು. ಒಪ್ಪಿಕೊಂಡರೆ ಏನು ತಿದ್ದಿದ್ದೇವೆ, ಒಪ್ಪದಿದ್ದರೆ ಏಕೆ ಎಂದು ಟಿಪ್ಪಣಿಗಳಿಗೆ ಲಿಖಿತ ಉತ್ತರ ಕೊಟ್ಟು, ಪ್ರಶ್ನೆ ಉತ್ತರ ಎರಡನ್ನೂ ಪ್ರಕಟಿಸುವುದು ನಿಯಮ.

ಆ ವರದಿಯ ಸಹ ಅಧ್ಯಕ್ಷರು ಇಬ್ಬರು. ಜರ್ಮನಿಯ ಹಾನ್ಸ್ ಓಟೊ ಪೋರ್ಟ್‌ನರ್ ಸಮುದ್ರಜೀವಿಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ. ದಕ್ಷಿಣ ಆಫ್ರಿಕಾದ ಡೆಬ್ರಾ ರಾಬರ್ಟ್ಸ್ ಡರ್ಬನ್ ನಗರಾಡಳಿತದಲ್ಲಿ ಹವಾಮಾನದ ಕೆಲಸ ನೋಡಿಕೊಳ್ಳುತ್ತಿದ್ದವರು. ಚರಂಡಿ, ಇಳಿಜಾರು, ಗುಡಿಸಲು ಪ್ರದೇಶಗಳ ಲೆಕ್ಕ ಹಿಡಿದು ನಗರವನ್ನು ನಡೆಸುವ ಕಚೇರಿಯಿಂದ ಬಂದವರೊಬ್ಬರು ಪ್ರಯೋಗಾಲಯದಿಂದ ಬಂದವರ ಪಕ್ಕದಲ್ಲಿ ಸಮಸಮ ಕುಳಿತದ್ದು ಬರೀ ಸೌಜನ್ಯದ ಏರ್ಪಾಡಲ್ಲ. ಹೊಂದಾಣಿಕೆ ಎನ್ನುವುದು ನಡೆಯುವುದೇ ಪಾಲಿಕೆಯಲ್ಲಿ, ಗದ್ದೆಯಲ್ಲಿ, ದಡದಲ್ಲಿ. ಅಲ್ಲಿ ಏನು ಕೆಲಸಕ್ಕೆ ಬಂತು, ಏನು ಬರಲಿಲ್ಲ ಎಂದು ಬಲ್ಲವರು ಬಾಗಿಲ ಬಳಿ ಇರದಿದ್ದರೆ ಒಳಗೆ ಸೇರುವುದು ಕಾಗದದ ಯೋಜನೆಗಳು ಮಾತ್ರ. ಏಷ್ಯಾ ಅಧ್ಯಾಯದ ಲೇಖಕರಲ್ಲಿ ಬೆಂಗಳೂರಿನ ಭಾರತೀಯ ಮಾನವ ವಸತಿ ಸಂಸ್ಥೆಯ ಚಾಂದನಿ ಸಿಂಗ್ ಕೂಡ ಇದ್ದರು. ವರದಿಯ ಲೇಖಕರಲ್ಲಿ ಅಭಿವೃದ್ಧಿಶೀಲ ದೇಶಗಳವರ ಪಾಲು ನೂರಕ್ಕೆ 43 ಮುಟ್ಟಿತ್ತು. ಸಾಲದು, ಆದರೂ ಸಣ್ಣ ಮಾತಲ್ಲ.

ಹೊಂದಾಣಿಕೆಯ ವಿಷಯದಲ್ಲಿ ಕಾವಲು ಇಷ್ಟು ಕಷ್ಟವಾಗಲು ಕಾರಣವಿದೆ. ಇಂಗಾಲದ ಹೊಗೆಯನ್ನು ಟನ್ನುಗಳಲ್ಲಿ ಅಳೆಯಬಹುದು. ಬೀದರ್‌ನ ಟನ್ನೂ ಬರ್ಲಿನ್‌ನ ಟನ್ನೂ ಒಂದೇ. ಹೊಂದಾಣಿಕೆಗೆ ಅಂಥ ಒಂದೇ ತಕ್ಕಡಿ ಇಲ್ಲ. ರೈತ ಬಿತ್ತನೆಯ ದಿನ ಮುಂದೂಡಿದ್ದು, ಮೀನುಗಾರ ಊರು ಬಿಟ್ಟದ್ದು, ಪಾಲಿಕೆ ಬಿಸಿಲಿನ ಮುನ್ನೆಚ್ಚರಿಕೆ ಕೊಟ್ಟದ್ದು ಎಲ್ಲವೂ ಹೊಂದಾಣಿಕೆಯೇ. ಇವನ್ನೆಲ್ಲ ಒಂದೆಡೆ ಕೂಡಿಸಿ ಅಳೆಯಲು ಹೊರಟ ದೊಡ್ಡ ಪ್ರಯತ್ನವೊಂದು 2021ರಲ್ಲಿ ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ಬಂತು. ಲೀ ಬೆರಾಂಗ್ ಫೋರ್ಡ್ ಅವರ ಮುಂದಾಳತ್ವದಲ್ಲಿ 126 ಸಂಶೋಧಕರು 48,000ಕ್ಕೂ ಹೆಚ್ಚು ಪ್ರಬಂಧಗಳನ್ನು ಜರಡಿ ಹಿಡಿದು, ಜನ ನಿಜವಾಗಿ ಏನು ಮಾಡುತ್ತಿದ್ದಾರೆ ಎಂದು ಹೇಳುವ 1,682 ಪ್ರಬಂಧಗಳನ್ನು ಉಳಿಸಿಕೊಂಡರು. ಅವುಗಳಲ್ಲಿ ಅಪಾಯ ನಿಜಕ್ಕೂ ತಗ್ಗಿತು ಎಂಬುದಕ್ಕೆ ನೇರ ಸಾಕ್ಷ್ಯ ಕೊಟ್ಟವು ನೂರಕ್ಕೆ ನಾಲ್ಕೂ ಇರಲಿಲ್ಲ. ಹೊಂದಿಕೊಳ್ಳುವ ಹೊರೆ ಹೊತ್ತವರಲ್ಲಿ ಸರ್ಕಾರಗಳಿಗಿಂತ ವ್ಯಕ್ತಿಗಳು, ಕುಟುಂಬಗಳೇ ಹೆಚ್ಚಾಗಿ ಕಂಡವು. ಯತ್ನಗಳು ಬಿಡಿಬಿಡಿಯಾಗಿದ್ದವು, ಚಿಕ್ಕವಾಗಿದ್ದವು.

ಈ ಫಲಿತಾಂಶವನ್ನು ಕರ್ನಾಟಕದಲ್ಲಿ ನಿಂತು ಓದಿದರೆ ಅದರ ಅರ್ಥ ಬೇರೆಯೇ ತೆರೆದುಕೊಳ್ಳುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆ ಕೈಕೊಟ್ಟಾಗ ಬಯಲುಸೀಮೆಯ ಕುಟುಂಬ ಸಾಲ ಮಾಡಿ ಕೊಳವೆಬಾವಿ ಕೊರೆಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದರೂ ನೀರಿನ ಭರವಸೆ ಇಲ್ಲ. ಆ ಮನೆಯ ಮಟ್ಟಿಗೆ ಅದು ಹೊಂದಾಣಿಕೆ. ಪಕ್ಕದ ಹೊಲದವನಿಗೆ, ಹತ್ತು ವರ್ಷ ಆಚೆಗೆ ಅದೇ ಮನೆಗೆ, ಅದು ಸಂಕಟದ ಬೀಜ. ಇಂಥದನ್ನು ವಿಜ್ಞಾನಿಗಳು ತಪ್ಪು ಹೊಂದಾಣಿಕೆ ಎನ್ನುತ್ತಾರೆ. 2022ರ ವರದಿ ಆ ವಿಷಯಕ್ಕೆ ಹಿಂದಿನ ವರದಿಗಳಿಗಿಂತ ಹೆಚ್ಚು ಒತ್ತು ಕೊಟ್ಟಿತು. ಒಂದೊಂದು ಊರಿನ ಅಧ್ಯಯನ ಯಶಸ್ಸೆಂದು ಬರೆದುಕೊಂಡದ್ದನ್ನು, ಹಲವರು ಕೂಡಿ ಓದಿದಾಗ ಸೋಲೆಂದು ಗುರುತಿಸಬೇಕಾಗಿ ಬರಬಹುದು. ಒಬ್ಬಿಬ್ಬರ ಕಣ್ಣಿಗೆ ಇದು ಬೀಳುವುದಿಲ್ಲ.

ಹಾಗಾದರೆ ಬಾಗಿಲನ್ನು ಬಿಗಿ ಮಾಡಿಬಿಟ್ಟರಾಯಿತೇ? ಅಲ್ಲೇ ಇರುವುದು ನಿಜವಾದ ಇಕ್ಕಟ್ಟು. ಆ 48,000 ಪ್ರಬಂಧಗಳು ಬಂದದ್ದು ಸಂಶೋಧನಾ ಪತ್ರಿಕೆಗಳ ದತ್ತಸಂಚಯಗಳಿಂದ, ಮುಖ್ಯವಾಗಿ ಇಂಗ್ಲಿಷಿನಿಂದ. ಐಪಿಸಿಸಿ ಹುಟ್ಟಿದ 1988ರಲ್ಲೇ ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಅಡಿಕೆ ಪತ್ರಿಕೆ ಶುರುವಾಯಿತು. ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ಅದು ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ನೀರಿಂಗಿಸುವುದು, ಬದಲಿ ಬೆಳೆ, ಮಿತ ನೀರಿನಲ್ಲಿ ತೋಟ ಉಳಿಸಿಕೊಳ್ಳುವುದು, ಹೀಗೆ ಮಾಡಿ ನೋಡಿದವರ ಅನುಭವವೇ ಅದರ ಬಂಡವಾಳ. ಹೊಂದಾಣಿಕೆಯ ಸಾಕ್ಷ್ಯ ಬೇಕೆನ್ನುವವರಿಗೆ ಇದಕ್ಕಿಂತ ಹತ್ತಿರದ ಮಾತು ಎಲ್ಲಿ ಸಿಗಬೇಕು? ಆದರೆ ಜಾಗತಿಕ ದತ್ತಸಂಚಯದ ಹುಡುಕಾಟ ಇಂಥ ಕನ್ನಡ ಬರಹದ ಬಳಿ ಸುಳಿಯುವುದಿಲ್ಲ. ಬಾಗಿಲು ಅಗಲಿಸಿದರೆ 2035ರಂಥ ಮಾತು ನುಗ್ಗುತ್ತದೆ. ಮುಚ್ಚಿದರೆ ಪುತ್ತೂರಿನ ತೋಟ ಹೊರಗೆ ಉಳಿಯುತ್ತದೆ. ಎಲ್ಲಿ ಅಚ್ಚಾಯಿತು ಎಂದು ಕೇಳುವ ಬದಲು ಹೇಗೆ ತಿಳಿಯಿತು ಎಂದು ಕೇಳುವುದೊಂದೇ ದಾರಿ ಎಂದು ನನ್ನ ಅಭಿಪ್ರಾಯ. ತನ್ನ ತೋಟದ ಬಾವಿಯಲ್ಲಿ ಬೇಸಿಗೆಯ ನೀರಿನ ಮಟ್ಟವನ್ನು ಹಲವು ವರ್ಷ ಬರೆದಿಟ್ಟ ಕೃಷಿಕನ ಮಾತಿಗೆ, ಕೇಳಿದ ಮಾತಿನ ಮೇಲೆ ಬರೆದ ಸುದ್ದಿಗಿಲ್ಲದ ಬಲವಿದೆ. ಐಪಿಸಿಸಿಯ ನಿಯಮ ಇಂಥ ಮೂಲಗಳನ್ನು ನಿಷೇಧಿಸಿಲ್ಲ. ಗುಣಮಟ್ಟ ಪರೀಕ್ಷಿಸಿ ಬಳಸಿ ಎನ್ನುತ್ತದೆ. ಆ ಪರೀಕ್ಷೆಗೆ ಭಾಷೆ ಬಲ್ಲವರನ್ನು ಹುಡುಕಿ ಕೂರಿಸುವುದು ಮುಂದಾಳುಗಳ ಹೊಣೆ.

ಇಷ್ಟು ಜನ ಸೇರಿದರೆ ಮಾತು ಚಪ್ಪೆಯಾಗುತ್ತದೆ, ವರದಿ ತಡವಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. 2022ರ ವರದಿಗೆ ಲೇಖಕರು ಕೈ ಹಚ್ಚಿದ ಮೇಲೆ ಮೂರು ವರ್ಷ ಹಿಡಿಯಿತು. ಆದರೆ ಭಿನ್ನಾಭಿಪ್ರಾಯವನ್ನು ಅಳಿಸಿ ಒಮ್ಮತ ತೋರಿಸುವುದು ಒಂದು ರೀತಿ, ಅದನ್ನೇ ಅಳೆದು ಬರೆಯುವುದು ಇನ್ನೊಂದು. ಪ್ರತಿ ಮುಖ್ಯ ತೀರ್ಮಾನದ ಪಕ್ಕದಲ್ಲಿ ಸಾಕ್ಷ್ಯ ಎಷ್ಟಿದೆ, ವಿಜ್ಞಾನಿ ಸಮುದಾಯದಲ್ಲಿ ಒಪ್ಪಿಗೆ ಎಷ್ಟಿದೆ ಎಂಬುದರ ಮೇಲೆ ಖಚಿತತೆ ಕಡಿಮೆ, ಮಧ್ಯಮ, ಹೆಚ್ಚು ಎಂಬಂತೆ ಐಪಿಸಿಸಿ ಗುರುತು ಹಾಕುತ್ತದೆ. ಯಂತ್ರಗಳೇ ಓದಿಬಿಡಲಿ ಎನ್ನುವವರೂ ಇದ್ದಾರೆ. 48,000ದ ರಾಶಿಯನ್ನು ಸೋಸಲು ಬೆರಾಂಗ್ ಫೋರ್ಡ್ ತಂಡ ಯಂತ್ರಕಲಿಕೆಯನ್ನು ಬಳಸಿತ್ತು ನಿಜ. ಆದರೆ ಉಳಿದ ಪ್ರಬಂಧಗಳಲ್ಲಿ ಯಾರು, ಏಕೆ, ಯಾವ ಫಲಕ್ಕೆ ಎಂದು ಬಿಡಿಸಿ ಓದಲು ಮನುಷ್ಯರೇ ಬೇಕಾದರು.

ಹೆಚ್ಚು ತೂಕದ ಆಕ್ಷೇಪ ಇನ್ನೊಂದು: ನೀತಿ ರೂಪಿಸುವವರಿಗಾಗಿ ಬರೆದ ಸಾರಾಂಶಕ್ಕೆ 195 ಸದಸ್ಯ ದೇಶಗಳ ಸಭೆ ಸಾಲುಸಾಲಾಗಿ ಒಪ್ಪಿಗೆ ಕೊಡಬೇಕು, ವಿಜ್ಞಾನದೊಳಗೆ ರಾಜಕಾರಣಕ್ಕೆ ಎಡೆ ಏಕೆ? ಕೆಲವು ಮಾತುಗಳ ಮೊನೆ ಅಲ್ಲಿ ಮೊಂಡಾಗುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾರಾಂಶಕ್ಕೆ ಮಾತ್ರ ಆ ಕ್ರಮ, ಒಳಗಿನ ಅಧ್ಯಾಯಗಳಿಗಿಲ್ಲ. ಸಾರಾಂಶದ ಸಾಲು ಅಧ್ಯಾಯದ ವಿಜ್ಞಾನಕ್ಕೆ ಹೊಂದದಿದ್ದರೆ ಲೇಖಕರು ಒಪ್ಪುವುದಿಲ್ಲ. 330ರಿಂದ 360 ಕೋಟಿ ಜನ ಹವಾಮಾನ ಬದಲಾವಣೆಗೆ ಸುಲಭವಾಗಿ ತುತ್ತಾಗುವ ಸ್ಥಿತಿಯಲ್ಲಿದ್ದಾರೆ ಎಂಬ ಮಾತೂ, ಆ ದುರ್ಬಲತೆಗೆ ವಸಾಹತುಶಾಹಿಯೂ ಒಂದು ಕಾರಣ ಎಂಬ ಮಾತೂ ಆ ಜರಡಿಯನ್ನು ದಾಟಿ ಬಂದವು. ಒಮ್ಮೆ ದಾಟಿದ ಮೇಲೆ ಇದು ನಮಗೆ ಸಂಬಂಧವಿಲ್ಲ ಎಂದು ಯಾವ ಸರ್ಕಾರವೂ ಹೇಳುವಂತಿಲ್ಲ. ಆ ಸಭೆ ಆನ್‌ಲೈನ್‌ನಲ್ಲಿ ನಡೆಯುತ್ತಿದ್ದಾಗಲೇ, 2022ರ ಫೆಬ್ರವರಿ 24ರಂದು, ಉಕ್ರೇನಿನ ಮೇಲೆ ರಷ್ಯಾ ದಾಳಿ ಶುರುವಾಯಿತು. ಎರಡೂ ದೇಶಗಳ ಪ್ರತಿನಿಧಿಗಳು ಅದೇ ಸಭೆಯಲ್ಲಿದ್ದರು. ಮೂರು ದಿನದ ನಂತರ ಸಾರಾಂಶಕ್ಕೆ ಒಪ್ಪಿಗೆ ಸಿಕ್ಕಿತು.

ಐಪಿಸಿಸಿ ವರದಿಗಳ ಏಳನೆಯ ಸುತ್ತು 2023ರಲ್ಲಿ ಆರಂಭವಾಗಿದೆ. ಸಿಂಗಪುರದ ವಿನ್ಸ್‌ಟನ್ ಚೌ ಮತ್ತು ನೆದರ್ಲೆಂಡ್ಸ್‌ನ ಬಾರ್ಟ್ ವಾನ್ ಡೆನ್ ಹುರ್ಕ್ ಪರಿಣಾಮ ಮತ್ತು ಹೊಂದಾಣಿಕೆಯ ವರದಿ ಸಿದ್ಧಪಡಿಸುವ ತಂಡದ ಈಗಿನ ಸಹ ಅಧ್ಯಕ್ಷರು. ಹವಾಮಾನ ಬದಲಾವಣೆಯ ಪರಿಣಾಮವನ್ನೂ ಹೊಂದಾಣಿಕೆಯನ್ನೂ ಅಳೆಯುವುದು ಹೇಗೆ ಎಂಬ 1994ರ ಮಾರ್ಗಸೂಚಿಯನ್ನು ಹೊಸದಾಗಿ ಬರೆಯುವುದು ಅವರ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು. ನಗರಗಳ ಬಗ್ಗೆ ವಿಶೇಷ ವರದಿ ಇನ್ನೊಂದು. ಕರಡುಗಳ ಪರಿಶೀಲನೆಗೆ ಆಹ್ವಾನದ ಚೀಟಿ ಬೇಕಿಲ್ಲ. ತನಗೆ ಆ ವಿಷಯದಲ್ಲಿ ಪರಿಣತಿ ಇದೆ ಎಂದು ಹೇಳಿಕೊಂಡು ಹೆಸರು ನೋಂದಾಯಿಸಿದವರು ಟಿಪ್ಪಣಿ ಕಳಿಸಬಹುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಒಣಬೇಸಾಯದ ಸಂಶೋಧಕರು, ಕೋಲಾರದ ಕೆರೆಗಳ ಲೆಕ್ಕ ಬಲ್ಲವರು ತಾವು ಕಂಡದ್ದನ್ನು ಆಧಾರ ಸಮೇತ ಬರೆದು ಕಳಿಸಿದರೆ, 2007ರ ಹಿಮನದಿಯ ಅನುಮಾನಕ್ಕೆ ಸಿಗದ ಸರಿಯಾದ ಉತ್ತರವನ್ನು ಈಗ ಲೇಖಕರು ಬರಹದಲ್ಲಿ ಕೊಡಬೇಕಾಗುತ್ತದೆ.